ತೆರಿಗೆ ನೋಟಿಸ್: ಅಸಲಿಯೋ ನಕಲಿಯೋ ಪತ್ತೆ ಹಚ್ಚುವುದು ಹೇಗೆ?

ಆದಾಯ ತೆರಿಗೆಯ ಹೆಸರು ಹೇಳಿ ಮೊಬೈಲಿಗೆ ಬರುವ ಸಂದೇಶಗಳ ಬಗ್ಗೆ ಜನ ಈಗ ಎಚ್ಚರವಾಗಿದ್ದಾರೆ, ಒಳ್ಳೆಯದೇ. ಆದರೆ ಮೋಸದ ಸುದ್ದಿ ಓದಿ ಓದಿ, ಇಲಾಖೆಯ ಅಸಲಿ ನೋಟಿಸನ್ನೂ ‘ಯಾರದೋ ಕಿತಾಪತಿ’ ಎಂದು ಅಳಿಸಿಹಾಕುವವರಿದ್ದಾರೆ. ನಕಲಿಯನ್ನು ನಂಬಿದರೆ ಖಾತೆಯ ಹಣ ಹೋಗುತ್ತದೆ. ಅಸಲಿಯನ್ನು ಕಡೆಗಣಿಸಿದರೆ ಬಡ್ಡಿ, ದಂಡ ಬೀಳುತ್ತವೆ. ಹಾಸನದ ನೌಕರರಿರಲಿ, ಮೂಡಿಗೆರೆಯ ಕಾಫಿ ಬೆಳೆಗಾರರಿರಲಿ, ಇದನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು. ಯಾರಿಗೂ ಶುಲ್ಕ ಕೊಡಬೇಕಿಲ್ಲ.

1. ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ

2023ರಲ್ಲಿ ‘ನಿಮಗೆ ₹15,490 ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ತಪ್ಪಿದ್ದರೆ ಈ ಲಿಂಕ್ ಒತ್ತಿ ಸರಿಪಡಿಸಿ’ ಎಂಬ ಸಂದೇಶ ಹರಿದಾಡಿತ್ತು. ಅದು ಸುಳ್ಳು ಎಂದು ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ಘಟಕ ಸ್ಪಷ್ಟಪಡಿಸಿತು. ಇಂಥ ಸಂದೇಶ ಜನರನ್ನು ಬಲೆಗೆ ಬೀಳಿಸುವುದು ಅದರಲ್ಲಿರುವ ಅರ್ಧ ಸತ್ಯದಿಂದ. ಖಾತೆಯ ವಿವರ ತಪ್ಪಿದ್ದರೆ ರೀಫಂಡ್ ನಿಜಕ್ಕೂ ನಿಲ್ಲುತ್ತದೆ. ಅದನ್ನು ಸರಿಪಡಿಸುವ ದಾರಿ ಮಾತ್ರ ಬೇರೆ: ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, ಬ್ಯಾಂಕ್ ಖಾತೆಯನ್ನು ದೃಢೀಕರಿಸಿ, ರೀಫಂಡನ್ನು ಮತ್ತೆ ಕಳಿಸುವಂತೆ ಅಲ್ಲಿಯೇ ಕೋರಿಕೆ ಸಲ್ಲಿಸಬೇಕು.

ಪೋರ್ಟಲ್ ವಿಳಾಸ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್. ಸಂದೇಶದಲ್ಲಿ ಬಂದ ವಿಳಾಸವನ್ನು ಪರೀಕ್ಷಿಸಬೇಕೆಂದರೆ ಹಿಂದಿನಿಂದ ಓದಿ. ಆರಂಭದ ‘https://’ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ (/) ಮುಂಚೆ ಅದು ‘ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಆ ಅಕ್ಷರಗಳು ನಡುವೆ ಬಂದು, ಕೊನೆಯಲ್ಲಿ ‘ಡಾಟ್ ಕಾಮ್’ ಎಂದೋ ಮತ್ತೇನೋ ಇದ್ದರೆ ಅದು ಇಲಾಖೆಯದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ನೋಟಿಸ್’ ಎಂಬ ಹೆಸರಿನ ಎಪಿಕೆ ಫೈಲ್ ಬಂದರಂತೂ ತೆರೆಯಲೇಬೇಡಿ; ಅದು ಪತ್ರವಲ್ಲ, ನಿಮ್ಮ ಮೊಬೈಲ್‌ಗೆ ಇಳಿಯುವ ಆ್ಯಪ್.

2. ಡಿನ್ ಸಂಖ್ಯೆ ನೋಡಿ

2019ರ ಅಕ್ಟೋಬರ್ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಲಾಖೆಯ ಪ್ರತಿ ನೋಟಿಸಿನ ಮೇಲೂ ಕಂಪ್ಯೂಟರ್ ಕೊಟ್ಟ ದಾಖಲೆ ಗುರುತು ಸಂಖ್ಯೆ, ಅಂದರೆ ಡಿನ್, ಕಡ್ಡಾಯ. ಪೋರ್ಟಲ್‌ನ ಮುಖಪುಟದಲ್ಲೇ ನೋಟಿಸ್ ಪರಿಶೀಲಿಸುವ ಸೌಲಭ್ಯವಿದೆ, ಲಾಗಿನ್ ಬೇಕಿಲ್ಲ. ಡಿನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ. ನೀವೇ ತೆರೆದ ಸರ್ಕಾರಿ ಪುಟದಲ್ಲಿ ಆ ಒಟಿಪಿ ತುಂಬಬಹುದು. ಫೋನಿನಲ್ಲಿ ಮಾತನಾಡುವವರಿಗೆ ಹೇಳುವಂತಿಲ್ಲ. ಇನ್ನೂ ಗಟ್ಟಿಯಾದ ಪರೀಕ್ಷೆ ಬೇಕೆಂದರೆ ಲಾಗಿನ್ ಆಗಿ ‘ಇ-ಪ್ರೊಸೀಡಿಂಗ್ಸ್’ ವಿಭಾಗದಲ್ಲಿ ಅದೇ ನೋಟಿಸ್ ಇದೆಯೇ ನೋಡಿ.

ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿದರೆ ಕರೆ ಕತ್ತರಿಸಿ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ.

3. ಅಸಲಿಯಾದರೆ ಸೆಕ್ಷನ್, ಗಡುವು ಓದಿ

143(1) ಎಂದಿದ್ದರೆ ಹೆದರಬೇಡಿ. ಅದು ನಿಮ್ಮ ರಿಟರ್ನ್ಸ್ ಲೆಕ್ಕ ನೋಡಿದ ಬಳಿಕ ಬರುವ ಮಾಹಿತಿ ಪತ್ರ. ಎಷ್ಟೋ ಬಾರಿ ಬಾಕಿಯೇ ಇರುವುದಿಲ್ಲ. 139(9) ಎಂದಿದ್ದರೆ ರಿಟರ್ನ್ಸ್‌ನಲ್ಲಿ ದೋಷವಿದೆ, 15 ದಿನಗಳಲ್ಲಿ ಸರಿಪಡಿಸಬೇಕು. ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಆದಾಯಕ್ಕೆ 1961ರ ಕಾಯ್ದೆಯ ಈ ಸಂಖ್ಯೆಗಳೇ ಇರುತ್ತವೆ.

ನಮ್ಮ ಕಡೆ ನೋಟಿಸಿಗೆ ಕಾರಣವಾಗಬಲ್ಲ ಒಂದು ಸಂಗತಿಯೆಂದರೆ ನಗದು ಜಮೆ. ಉಳಿತಾಯ ಖಾತೆಗೆ ಒಂದು ಹಣಕಾಸು ವರ್ಷದಲ್ಲಿ ₹10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕ್ ಇಲಾಖೆಗೆ ವರದಿ ಮಾಡುತ್ತದೆ. ಶುಂಠಿ ಮಾರಿದ ದುಡ್ಡಾಗಲಿ, ಕಾಫಿಯ ದುಡ್ಡಾಗಲಿ, ಅದು ಎಲ್ಲಿಂದ ಬಂತೆಂದು ಖಾತೆಯ ಪುಸ್ತಕ ಹೇಳುವುದಿಲ್ಲ. ಪಹಣಿ, ಮಾರಾಟದ ಬಿಲ್, ಕೂಲಿ ಮತ್ತು ಗೊಬ್ಬರದ ಖರ್ಚಿನ ಲೆಕ್ಕ ಇಟ್ಟುಕೊಂಡವರಿಗೆ ಉತ್ತರ ಕೊಡುವುದು ಸುಲಭ.

‘ತೋಟದ ಆದಾಯಕ್ಕೆ ತೆರಿಗೆಯೇ ಇಲ್ಲ’ ಎಂದು ಸಾರಾಸಗಟಾಗಿ ಹೇಳುವ ಸಲಹೆಗಾರರನ್ನು ನಂಬಬೇಡಿ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು) ಮಾಡಿ ಮಾರಿದರೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಶೇ 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು ಆದಾಯ ವ್ಯಾಪಾರದ್ದೆಂದು ಪರಿಗಣನೆಯಾಗುತ್ತದೆ. ತೋಟದೊಳಗೇ ಇದ್ದರೂ ಹೋಂಸ್ಟೇ ಬಾಡಿಗೆ ಕೃಷಿ ಆದಾಯವಲ್ಲ. ಪೋರ್ಟಲ್‌ನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆದರೆ ಇಲಾಖೆಗೆ ನಿಮ್ಮ ಬಗ್ಗೆ ಏನೇನು ಗೊತ್ತಿದೆ ಎಂಬುದು ಕಾಣುತ್ತದೆ. ಅದರಲ್ಲಿ ತಪ್ಪು ನಮೂದಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಬಹುದು.

4. ‘ರೀಫಂಡ್ ಮಾಡಿಸಿಕೊಡುತ್ತೇವೆ’ ಎನ್ನುವವರಿಂದ ದೂರವಿರಿ

ನನ್ನ ಲೆಕ್ಕದಲ್ಲಿ ಲಿಂಕ್ ಕಳಿಸುವ ಅಪರಿಚಿತರಿಗಿಂತ ಅಪಾಯಕಾರಿ ಇವರೇ, ಏಕೆಂದರೆ ಇವರು ಪರಿಚಿತರ ಮೂಲಕ ಬರುತ್ತಾರೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ಹಣ ಬಂದಿರುತ್ತದೆ, ನಿಮಗೂ ಆಸೆಯಾಗುತ್ತದೆ. ಕಟ್ಟದ ಮನೆ ಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಇಲ್ಲದ ಶಿಕ್ಷಣ ಸಾಲ ತೋರಿಸಿ ಕಡಿತ ಪಡೆಯುವುದು, ಬಂದದ್ದರಲ್ಲಿ ಪಾಲು ಕೇಳುವುದು ಇವರ ಕಸುಬು. 2025ರ ಜುಲೈ 14ರಂದು ಇಲಾಖೆ ಇಂಥವರ ಮೇಲೆ ದೇಶವ್ಯಾಪಿ ಕಾರ್ಯಾಚರಣೆ ಆರಂಭಿಸಿ 150 ಕಡೆ ಪರಿಶೀಲನೆ ನಡೆಸಿತು. ಸುಳ್ಳು ಕಡಿತಕ್ಕೆ ಹೊಣೆ ರಿಟರ್ನ್ಸ್ ಸಲ್ಲಿಸಿದವರದೇ. ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡಕ್ಕೆ ಅವಕಾಶವಿದೆ.

ಈಗಾಗಲೇ ಹಾಗೆ ಸಲ್ಲಿಸಿದ್ದರೆ ನೋಟಿಸಿಗೆ ಕಾಯಬೇಡಿ. ಪರಿಷ್ಕೃತ ರಿಟರ್ನ್ಸ್ ಗಡುವು ಮುಗಿದಿದ್ದರೂ ಹೆಚ್ಚುವರಿ ತೆರಿಗೆ ಕಟ್ಟಿ ‘ಅಪ್‌ಡೇಟೆಡ್ ರಿಟರ್ನ್ಸ್’ ಸಲ್ಲಿಸಲು ಸಾಧ್ಯವಿದೆ. 2025ರ ಹಣಕಾಸು ಕಾಯ್ದೆ ಇದರ ಅವಧಿಯನ್ನು 24ರಿಂದ 48 ತಿಂಗಳಿಗೆ ಹೆಚ್ಚಿಸಿದೆ. ತಡವಾದಷ್ಟೂ ಹೆಚ್ಚುವರಿ ಮೊತ್ತ ಏರುತ್ತದೆ. ಆ ಏಜೆಂಟರ ಬಳಿ ಪೋರ್ಟಲ್‌ನ ಪಾಸ್‌ವರ್ಡ್ ಇದ್ದರೆ ಇಂದೇ ಬದಲಿಸಿ. ಪ್ರೊಫೈಲ್‌ನಲ್ಲಿ ಅವರದೇ ಮೊಬೈಲ್ ಸಂಖ್ಯೆ, ಇ-ಮೇಲ್ ಇದ್ದರೆ ಇಲಾಖೆಯ ನೋಟಿಸುಗಳು ಅವರಿಗೆ ಹೋಗುತ್ತವೆ, ನಿಮಗಲ್ಲ.

5. ಹಣ ಹೋಗಿದ್ದರೆ

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಂಚಕರ ಖಾತೆಯಿಂದ ಹಣ ಮುಂದಕ್ಕೆ ಹೋಗುವ ಮೊದಲು ಅದನ್ನು ತಡೆಹಿಡಿಸಲು ಸಾಧ್ಯವಾಗಬಹುದು. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಒಟಿಪಿಯನ್ನು ನೀವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ದೂರು ಪಡೆಯುವ ಸೆನ್ ಪೊಲೀಸ್ ಠಾಣೆಗಳಿವೆ. ಹೋಗುವಾಗ ಸಂದೇಶದ ಸ್ಕ್ರೀನ್‌ಶಾಟ್ ಮತ್ತು ಖಾತೆಯ ವಹಿವಾಟಿನ ವಿವರ ಜೊತೆಗಿರಲಿ. ಮೊಬೈಲಿನಿಂದ ಏನನ್ನೂ ಅಳಿಸಬೇಡಿ.