ಬೋನಿ ಎಂ ಹಾಡದೇ ಬಿಟ್ಟ ವಚನ: ಬೈಬಲನ್ನ ಹಾಡು, ಕಾದಂಬರಿ, ಸಿನಿಮಾ ಜೊತೆ ಓದಿದ ನನ್ನ ಅನುಭವ

ಬೋನಿ ಎಂ ಅನ್ನೋ ಡಿಸ್ಕೋ ತಂಡದ ‘ರಿವರ್ಸ್ ಆಫ್ ಬ್ಯಾಬಿಲಾನ್’ ಕೇಳದೇ ಇರೋರು ನಮ್ಮ ವಯಸ್ಸಿನೋರಲ್ಲಿ ಕಮ್ಮಿ. 1978ರ ಹಾಡು, ಕ್ಯಾಸೆಟ್ ಕಾಲದಲ್ಲಿ ನಮ್ಮ ಕಡೇನೂ ಚೆನ್ನಾಗಿ ಓಡಿದ್ದು, ಈಗ್ಲೂ ಎಲ್ಲಾದ್ರೂ ಬಂದ್ರೆ ಕಾಲು ಸುಮ್ಮನಿರಲ್ಲ. ಅದು ಬೈಬಲ್ಲಿನ 137ನೇ ಕೀರ್ತನೆ ಅಂತ ಗೊತ್ತಾದ್ಮೇಲೆ ಕೀರ್ತನೆ ತೆಗೆದು ಓದ್ದೆ, ಒಟ್ಟು ಒಂಬತ್ತೇ ವಚನ. ಶುರು ಹಾಡಲ್ಲಿರೋ ಹಾಗೇ ಇದೆ. ನೆಬೂಕದ್ನೆಚ್ಚರ ಯೆರೂಸಲೇಮನ್ನ ಹಾಳು ಮಾಡಿ ಜನರನ್ನ ಸೆರೆ ಹಿಡ್ಕೊಂಡು ಹೋಗಿದಾನೆ, ಅವರು ಬಾಬೆಲಿನ ನದಿಗಳ ದಡದಲ್ಲಿ ಕೂತು ಊರು ನೆನೆಸ್ಕೊಂಡು ಅಳ್ತಿದಾರೆ, ಸೆರೆ ಹಿಡಿದೋರು ನಿಮ್ಮ ಕಡೆ ಹಾಡು ಒಂದು ಹೇಳ್ರಿ ಅಂತಾರೆ, ಪರದೇಶದಲ್ಲಿ ಕೂತು ಹೇಗಪ್ಪಾ ಹಾಡೋದು ಅಂತಾರೆ ಇವರು. ಇಲ್ಲೀವರೆಗೂ ಸರಿ. ಕೊನೇ ವಚನಕ್ಕೆ ಬಂದ್ರೆ, ಬಾಬೆಲೇ, ನಿನ್ನ ಕೂಸುಗಳನ್ನ ಹಿಡಿದು ಬಂಡೆಗೆ ಅಪ್ಪಳಿಸೋನು ಧನ್ಯ ಅನ್ನೋ ಅರ್ಥದ ಮಾತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹಾಡಲ್ಲಿ ಅದು ಇಲ್ಲ, ಇರೋಕೂ ಸಾಧ್ಯ ಇಲ್ಲ ಅನ್ನಿ. ಆ ಜಾಗಕ್ಕೆ 19ನೇ ಕೀರ್ತನೆಯ ಕೊನೇ ಸಾಲನ್ನ ತಂದು ಹಾಕಿದಾರೆ, ನನ್ನ ಬಾಯಿ ಮಾತು ನನ್ನ ಹೃದಯದ ಧ್ಯಾನ ನಿನಗೆ ಒಪ್ಪಿಗೆಯಾಗಲಿ ಅನ್ನೋದು. ಹಂಗೆ ಮಾಡಿದ್ದು ಬೋನಿ ಎಂ ಅಲ್ಲ, ಅದಕ್ಕೂ ಮುಂಚೆ 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ಅನ್ನೋ ರೆಗ್ಗೀ ತಂಡ. ಅವರು ರಾಸ್ತಫಾರಿ ನಂಬಿಕೆಯವರು, ಅವರ ಪಾಲಿಗೆ ಬಾಬೆಲ್ ಅಂದ್ರೆ ಯಾವುದೋ ಹಳೇ ಇರಾಕ್ ಕಡೆಯ ಊರಲ್ಲ, ಆಫ್ರಿಕಾದಿಂದ ಹೊತ್ತು ತಂದು ಗುಲಾಮರನ್ನಾಗಿ ಮಾಡಿದ ಆ ಇಡೀ ವ್ಯವಸ್ಥೆ. ಕೀರ್ತನೆಯಲ್ಲಿ ಕರ್ತನ ಹಾಡು ಅಂತ ಇರೋ ಕಡೆ ಅವರು ‘ಕಿಂಗ್ ಆಲ್ಫಾ’ನ ಹಾಡು ಅಂತ ಹಾಡಿದ್ರು, ಅಂದ್ರೆ ರಾಸ್ತಫಾರಿಗಳು ದೇವರು ಅಂತ ನಂಬೋ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ. ಎಂಟು ವರ್ಷ ಆದ್ಮೇಲೆ ಬೋನಿ ಎಂ ಅದನ್ನ ತೆಗೆದು ವಾಪಸ್ ಕರ್ತನನ್ನೇ ಕೂರಿಸ್ತು, ಹಾಡು ಡಿಸ್ಕೋಗೆ ಹೋಯ್ತು. ಒಂದು ಕೀರ್ತನೆ ಮೇಲೆ ಎರಡು ಸಲ ಕತ್ತರಿ ಆಡಿದೆ, ಎರಡೂ ಸಲ ಬೇರೆ ಬೇರೆ ಕಾರಣಕ್ಕೆ.

ಅವತ್ತಿಂದ ನಾನು ಬೈಬಲನ್ನ ಓದೋದೇ ಹೀಗೆ. ನಾನು ಕ್ರೈಸ್ತ ಅಲ್ಲ, ಇಂಗ್ಲಿಷ್ ಸಾಹಿತ್ಯ ಓದ್ಕೊಂಡು ಪಾಠ ಮಾಡ್ಕೊಂಡು ಇರೋನು. ಇಂಗ್ಲಿಷ್ ಕಾದಂಬರಿ ಓದುವಾಗ ಬೈಬಲ್ ಗೊತ್ತಿಲ್ದೇ ಇದ್ರೆ ಅಡಿಟಿಪ್ಪಣಿ ನೋಡ್ಕೊಂಡೇ ಕಾಲ ಕಳೀಬೇಕು, ‘ಇದು ಆದಿಕಾಂಡದ ಉಲ್ಲೇಖ’ ಅಂತ ಒಂದು ಸಾಲು ಹಾಕಿರ್ತಾರೆ, ಸರಿ ಉಲ್ಲೇಖ, ಅದಕ್ಕೇನೀಗ? ಅದರಿಂದ ಏನೂ ತಿಳಿಯಲ್ಲ. ಹಂಗಾಗಿ ನಾನು ಉಲ್ಟಾ ಮಾಡಿದೆ. ಮೊದಲು ಬೈಬಲ್ ಕಥೇನ ಪೂರ್ತಿ ಓದೋದು, ಕಾದಂಬರೀನ ಆಗ ಮುಟ್ಟೋದೇ ಇಲ್ಲ. ಆಮೇಲೆ ಕಾದಂಬರಿನೋ ಹಾಡೋ ಸಿನಿಮಾನೋ. ನೋಟ್‌ಬುಕ್ಕಲ್ಲಿ ಒಂದೇ ಪ್ರಶ್ನೆ ಬರ್ಕೊಳ್ಳೋದು: ಇವರು ಏನನ್ನ ಬಿಟ್ರು? ತಗೊಂಡಿದ್ದು ಏನು ಅಂತ ಎಲ್ಲಾ ಗೈಡಲ್ಲೂ ಸಿಗತ್ತೆ, ಬಿಟ್ಟಿದ್ದು ಸಿಗಲ್ಲ.

ಈ ಅಭ್ಯಾಸ ನಮಗೇನು ಹೊಸದಲ್ಲ, ಅದನ್ನ ಹೇಳ್ಲೇಬೇಕು. ಪಂಪ ಭಾರತ ಬರೆದಾಗ ದ್ರೌಪದಿಯನ್ನ ಅರ್ಜುನ ಒಬ್ಬನಿಗೇ ಮದುವೆ ಮಾಡ್ಸಿದ, ಐದು ಜನ ಗಂಡಂದಿರ ವಿಷಯಾನೇ ತೆಗೆದು ಹಾಕ್ದ. ಯಾಕೆ ಅಂದ್ರೆ ಅರ್ಜುನನ ಜೊತೆ ತನ್ನ ದೊರೆ ಅರಿಕೇಸರಿಯನ್ನ ಬೆಸೆದು ಬರೀತಿದಾನೆ. ಕನ್ನಡ ಮೇಷ್ಟ್ರು ಯಾರನ್ನ ಕೇಳಿದ್ರೂ ಇದನ್ನ ಹೇಳ್ತಾರೆ. ಬಿಟ್ಟ ಜಾಗದಲ್ಲೇ ಕವಿ ಸಿಕ್ಕಿಬೀಳೋದು. ಪಂಪನ ಹತ್ರ ಕೇಳೋ ಪ್ರಶ್ನೇನ ಹಾಡುಗಾರ ಲೆನರ್ಡ್ ಕೊಹೆನ್ ಹತ್ರ ಕೇಳಕ್ಕೆ ಏನು ಕಷ್ಟ?

ಪುಸ್ತಕದ ವಿಷಯ ಬೇಗ ಹೇಳ್ಬಿಡ್ತೀನಿ. ನಾನು ಎರಡು ಬೈಬಲ್ ಇಟ್ಕೊಳ್ತೀನಿ. ಕಥೆಗೆ ಕನ್ನಡದ ಸತ್ಯವೇದ, ಅದು ಸಲೀಸಾಗಿ ಓದಿಸ್ಕೊಂಡು ಹೋಗತ್ತೆ, ಹಳೇ ಕನ್ನಡದ ಗತ್ತೂ ಇದೆ. ಇಂಗ್ಲಿಷಿಗೆ 1611ರ ಕಿಂಗ್ ಜೇಮ್ಸ್, ಯಾಕಂದ್ರೆ ‘ಮೊಬಿ ಡಿಕ್’ ಬರೆದ ಮೆಲ್ವಿಲ್ ಥರದೋರ ಕಿವಿಯಲ್ಲಿ ಇದ್ದಿದ್ದು ಅದು. ಎರಡೂ ಫೋನಲ್ಲೇ ಸಿಗತ್ತೆ. ಇನ್ನೊಂದು, ಅಧ್ಯಾಯ ಮುಗೀತು ಅಂತ ನಿಲ್ಲಿಸ್ಬೇಡಿ, ಕಥೆ ಮುಗಿಯೋವರೆಗೂ ಓದಿ. ಈಗಿರೋ ಅಧ್ಯಾಯದ ನಂಬರು 13ನೇ ಶತಮಾನದಲ್ಲಿ ಹಾಕಿದ್ದು, ವಚನದ ನಂಬರು ಇನ್ನೂ ಆಮೇಲೆ, 16ನೇ ಶತಮಾನದಲ್ಲಿ. ಕಥೆ ಹೇಳ್ದೋರು ಹಾಕಿದ್ದಲ್ಲ.

ಇದು ಎಷ್ಟು ಮುಖ್ಯ ಅಂತ ಕೊಹೆನ್‌ನ ‘ಹಲ್ಲೆಲೂಯಾ’ದಲ್ಲಿ ಗೊತ್ತಾಗತ್ತೆ. 1984ರ ಹಾಡು, ಹುಡುಗರಿಗೆ ಕೇಳಿದ್ರೆ ಬಹಳ ಜನ ‘ಶ್ರೆಕ್’ ಸಿನಿಮಾದಲ್ಲಿ ಕೇಳಿದೀವಿ ಸರ್ ಅಂತಾರೆ. ಅದರಲ್ಲಿ ಬೈಬಲ್ಲಿನ ರಾಜ ದಾವೀದ ಇದಾನೆ, ಮಾಳಿಗೆ ಮೇಲೆ ಸ್ನಾನ ಮಾಡೋ ಹೆಂಗಸು ಇದಾಳೆ, ಅದು 2 ಸಮುವೇಲ 11ರ ಬತ್ಷೆಬೆ, ದಾವೀದ ಆಸೆಪಟ್ಟು ಕರೆಸ್ಕೊಂಡೋಳು. ಅದೇ ಚರಣದಲ್ಲಿ ಇದ್ದಕ್ಕಿದ್ದ ಹಾಗೆ ಅಡುಗೆಮನೆ ಕುರ್ಚಿಗೆ ಕಟ್ಟಿ ಕೂದಲು ಕತ್ತರಿಸ್ತಾಳೆ, ಬತ್ಷೆಬೆ ಯಾರ ಕೂದಲೂ ಕತ್ತರಿಸಿಲ್ಲ ಸ್ವಾಮಿ, ಅದು ನ್ಯಾಯಸ್ಥಾಪಕರು 16, ಸಂಸೋನ ಮತ್ತೆ ದೆಲೀಲಾ. ಎರಡು ಕಥೇನ ಸೇರಿಸಿ ಹೊಲಿದಿದಾನೆ. ಇದನ್ನ ಎಲ್ಲರೂ ಗುರುತಿಸ್ತಾರೆ. ನಾನು ಕ್ಲಾಸಲ್ಲಿ ಕೇಳೋದು, ಊರೀಯ ಎಲ್ಲಿ? ಬತ್ಷೆಬೆಯ ಗಂಡ, ದಾವೀದನ ಸೈನ್ಯದಲ್ಲೇ ಹೋರಾಡ್ತಾ ಇರೋನು, ತನ್ನನ್ನ ಯುದ್ಧದ ಮುಂಚೂಣಿಗೆ ಹಾಕಿ ಸಾಯಿಸಿ ಅಂತ ರಾಜ ಬರೆದ ಪತ್ರವನ್ನ ತಾನೇ ಸೇನಾಪತಿಗೆ ತಗೊಂಡು ಹೋದೋನು. ಹಾಡಲ್ಲಿ ಅವನಿಲ್ಲ. 12ನೇ ಅಧ್ಯಾಯದಲ್ಲಿ ಪ್ರವಾದಿ ನಾತಾನ ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿ, ಆ ಮನುಷ್ಯ ನೀನೇ ಅಂತ ರಾಜನ ಮುಖಕ್ಕೇ ಹೇಳ್ತಾನಲ್ಲ, ಅದೂ ಇಲ್ಲ. ಹಾಡಲ್ಲಿ ದಾವೀದ ಪ್ರೇಮದಲ್ಲಿ ಸೋತೋನು, ನಾವು ಅಯ್ಯೋ ಪಾಪ ಅಂತೀವಿ. ಬೈಬಲ್ಲಲ್ಲಿ ಅವನು ಕೊಲೆಗಾರ. ಊರೀಯನನ್ನ ಹಾಡಿಗೆ ತಂದ್ರೆ ಹಲ್ಲೆಲೂಯಾ ಅನ್ನಕ್ಕೆ ಬಾಯಿ ಬರಲ್ಲ, ಕೊಹೆನ್‌ಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ್ಲೇ ನನ್ನ ಅನಿಸಿಕೆ.

ಮಾರ್ಗರೆಟ್ ಅಟ್ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ವಿಷಯಕ್ಕೆ ಬಂದಾಗ ನನ್ನ ಪ್ರಶ್ನೆಯೇ ತಿರುಗಿ ಕೂತ್ಕೊಳ್ತು. ಇಲ್ಲಿ ಬೈಬಲ್ಲೇ ಒಂದನ್ನ ಬಿಟ್ಟಿದೆ. ಆದಿಕಾಂಡ 30ರಲ್ಲಿ ರಾಹೇಲಳಿಗೆ ಮಕ್ಕಳಾಗಲ್ಲ, ತನ್ನ ದಾಸಿ ಬಿಲ್ಹಾಳನ್ನ ಗಂಡ ಯಾಕೋಬನ ಹತ್ರ ಕಳಿಸ್ತಾಳೆ, ಎರಡು ಗಂಡು ಮಕ್ಕಳಾಗತ್ತೆ, ಹೆಸರಿಡೋದೂ ರಾಹೇಲಳೇ. ಬಿಲ್ಹಾ ಒಂದು ಮಾತೂ ಆಡಲ್ಲ, ಹುಡುಕಿ ನೋಡಿ, ಒಂದು ಮಾತೂ ಇಲ್ಲ. ಅದೇ ಆದಿಕಾಂಡದ 16ರಲ್ಲಿ ಹಾಗರಳೂ ದಾಸಿ, ಆದ್ರೆ ಅವಳು ಮಾತಾಡ್ತಾಳೆ, ಓಡಿ ಹೋಗ್ತಾಳೆ, ದೇವರಿಗೇ ಹೆಸರಿಡ್ತಾಳೆ. ಅಟ್ವುಡ್ ಕಾದಂಬರಿ ಪೂರ್ತಿ ಬಿಲ್ಹಾ ಥರದ ಹೆಂಗಸೊಬ್ಬಳ ಮಾತು. ಅದರಲ್ಲಿ ಇನ್ನೊಂದು ಇದೆ. ಕಥೆ ನಡೆಯೋದು ಇಂಥ ಹೆಂಗಸರನ್ನ ದೊಡ್ಡೋರ ಮನೇಲಿ ಮಕ್ಕಳು ಹೆರೋಕೆ ಇಡೋ ಒಂದು ಕಾಲ್ಪನಿಕ ರಾಜ್ಯದಲ್ಲಿ, ಅಲ್ಲಿ ಹೆಂಗಸರು ಓದೋ ಹಾಗಿಲ್ಲ, ಬೈಬಲ್ಲನ್ನ ಬೀಗ ಹಾಕಿ ಇಡ್ತಾರೆ. ತರಬೇತಿ ಕೇಂದ್ರದಲ್ಲಿ ಮತ್ತಾಯ 5ರ ಧನ್ಯವಾಕ್ಯಗಳನ್ನ ಟೇಪಲ್ಲಿ ಕೇಳಿಸ್ತಾರೆ, ನಡುವೆ ‘ಮೌನವಾಗಿರೋರು ಧನ್ಯರು’ ಅಂತ ಒಂದು ತಾವೇ ಸೇರಿಸಿರ್ತಾರೆ. ಕಥೆ ಹೇಳೋ ಹೆಂಗಸಿಗೆ ಇದು ಕಟ್ಟಿದ್ದು ಅಂತ ಗೊತ್ತು, ಕೆಲವನ್ನ ಬಿಟ್ಟಿದಾರೆ ಅಂತ್ಲೂ ಗೊತ್ತು, ಆದ್ರೆ ತೆಗೆದು ನೋಡಕ್ಕೆ ದಾರಿ ಇಲ್ಲ. ಕಾರ್ಲ್ ಮಾರ್ಕ್ಸ್‌ನ ಮಾತನ್ನ ಸ್ವಲ್ಪ ತಿರುಚಿ ಸಂತ ಪೌಲ ಹೇಳಿದ್ದು ಅಂತ ಬಾಯಿಪಾಠ ಮಾಡಿಸ್ತಾರೆ! ಈ ಪುಟಗಳನ್ನ ಓದಿದ ದಿನ, ತೆಗೆದು ನೋಡೋದು ಎಷ್ಟು ದೊಡ್ಡ ಸವಲತ್ತು ಅಂತ ಅನ್ನಿಸ್ತು.

ತೆಗೆದು ನೋಡೋ ವಿಷಯ ಬಂತಲ್ಲ, ‘ಪಲ್ಪ್ ಫಿಕ್ಷನ್’ (1994) ನೋಡಿದೋರು ಯೆಹೆಜ್ಕೇಲ 25:17 ತೆಗೆದು ನೋಡಿ. ಸ್ಯಾಮುಯೆಲ್ ಜಾಕ್ಸನ್ ಗುಂಡು ಹೊಡೆಯೋ ಮುಂಚೆ ಅಷ್ಟುದ್ದ ಹೇಳ್ತಾನಲ್ಲ, ಅದರ ಕೊನೇ ತುಣುಕು ಬಿಟ್ರೆ ಉಳಿದಿದ್ದು ಆ ವಚನದಲ್ಲಿ ಇಲ್ವೇ ಇಲ್ಲ. ‘ಮೇಟ್ರಿಕ್ಸ್’ ಸಿನಿಮಾದ ಹಡಗಿಗೆ ನೆಬೂಕದ್ನೆಚ್ಚರ ಅಂತ ಹೆಸರು, ಊರಿಗೆ ಝಯಾನ್ (ಬೈಬಲ್ಲಿನ ಚೀಯೋನ್), ಅದು ಹೆಸರಿನ ಆಟ, ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಹೀರೋ ಎರಡು ಕೈ ಚಾಚಿ ಬಿದ್ರೆ ಸಾಕು ಯೇಸು ಅಂತ ಪೇಪರ್ ಬರೆಯೋದೂ ಅಷ್ಟೇ, ಹುಡುಗರಿಗೆ ಅದನ್ನ ಬೇಡ ಅಂತೀನಿ.

ಮೆಲ್ವಿಲ್‌ನ ‘ಮೊಬಿ ಡಿಕ್’ (1851) ಬಗ್ಗೆ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ನನ್ನ ಪ್ರೀತಿಯ ಪುಸ್ತಕ. ಕಥೆ ಹೇಳೋನು ಇಷ್ಮಾಯೇಲ, ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲದ ಮೇಲೆ ಸೇಡಿಗೆ ಹೊರಟ ಕಪ್ತಾನ ಅಹಾಬ, ಬಂದರಲ್ಲಿ ಎಚ್ಚರಿಕೆ ಕೊಡೋ ಅರೆಹುಚ್ಚ ಎಲೀಯ. 1 ಅರಸುಗಳು 16ರಿಂದ 22ರವರೆಗೆ ಓದ್ಕೊಂಡು ಹೋದ್ರೆ ಅಹಾಬ ಅನ್ನೋ ಹೆಸರು ಕೇಳ್ತಿದ್ದ ಹಾಗೇ ಎದೆ ಝಲ್ ಅನ್ನತ್ತೆ, ನಾಬೋತನ ದ್ರಾಕ್ಷಿ ತೋಟಕ್ಕೆ ಆಸೆ ಬಿದ್ದು ಕೊನೆಗೆ ನಾಯಿಗಳು ರಕ್ತ ನೆಕ್ಕಿದ ರಾಜ. ಹಡಗು ಹೊರಡೋ ಮುಂಚೆ ಚರ್ಚಲ್ಲಿ ಮ್ಯಾಪಲ್ ಪಾದ್ರಿ ಯೋನನ ಬಗ್ಗೆ ಪ್ರಸಂಗ ಮಾಡ್ತಾನೆ. ದೇವರು ಶತ್ರುಗಳ ಊರಾದ ನಿನೆವೆಗೆ ಹೋಗು ಅಂದ್ರೆ ಯೋನ ಉಲ್ಟಾ ದಿಕ್ಕಿಗೆ ಹಡಗು ಹತ್ತಿದ, ಬಿರುಗಾಳಿ, ಮೀನಿನ ಹೊಟ್ಟೆ, ಪಶ್ಚಾತ್ತಾಪ, ಆಮೇಲೆ ಮಾತು ಕೇಳಿ ಹೋಗಿ ಸತ್ಯ ಸಾರಿದ. ಪಾದ್ರಿ ಅಲ್ಲಿಗೆ ಮುಗಿಸ್ತಾನೆ. ಯೋನನ ಪುಸ್ತಕದಲ್ಲಿ ಇರೋದು ನಾಲ್ಕೇ ಅಧ್ಯಾಯ, ಪಾದ್ರಿ ನಾಲ್ಕನೇದನ್ನ ಪೂರ್ತಿ ನುಂಗಿದಾನೆ. ನಾಲ್ಕನೇದರಲ್ಲಿ ಏನಿದೆ? ನಿನೆವೆಯೋರು ಬದಲಾದ್ರು, ದೇವರು ಅವರನ್ನ ನಾಶ ಮಾಡ್ಲಿಲ್ಲ, ಅದಕ್ಕೆ ಯೋನನಿಗೆ ಸಿಟ್ಟು. ನೀನು ಹೀಗೆ ಕರುಣೆ ತೋರಿಸ್ತೀಯ ಅಂತ ಗೊತ್ತಿದ್ದಕ್ಕೇ ನಾನು ಓಡಿ ಹೋಗಿದ್ದು ಅಂತಾನೆ. ಊರ ಹೊರಗೆ ಕೂತ್ಕೊಳ್ತಾನೆ, ನೆರಳಿಗೆ ಬಂದ ಗಿಡ ಒಣಗಿದ್ದಕ್ಕೆ ಸಾಯ್ತೀನಿ ಅಂತಾನೆ, ಆಗ ದೇವರು, ಒಂದು ಗಿಡಕ್ಕೆ ಇಷ್ಟು ಮರುಗ್ತೀಯ, ಬಲಗೈ ಎಡಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಬಹಳ ದನಕರು ಇರೋ ಊರಿಗೆ ನಾನು ಮರುಗಬಾರದಾ ಅಂತ ಕೇಳ್ತಾನೆ. ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯತ್ತೆ, ಯೋನನ ಉತ್ತರ ಇಲ್ಲ. ಶತ್ರು ಮೇಲೆ ಕರುಣೆ ಅನ್ನೋದು ಅಹಾಬನ ಹಡಗಲ್ಲಿ ಹುಡುಕಿದ್ರೂ ಸಿಗದ ಸರಕು. ಆ ಅಧ್ಯಾಯ ಇಲ್ಲದ ಪ್ರಸಂಗ ಕೇಳಿಸ್ಕೊಂಡೇ ಕಾದಂಬರಿ ಹೊರಡತ್ತೆ.

ಕೊನೇಲಿ ಆ ಕರುಣೆ ಬೇರೆ ದಾರೀಲಿ ಬರತ್ತೆ ನೋಡಿ. ‘ರಾಹೇಲ’ ಅನ್ನೋ ಹಡಗಿನ ಕಪ್ತಾನ ಕಳೆದು ಹೋದ ಮಗನನ್ನ ಹುಡುಕ್ತಾ ಅಹಾಬನ ಹತ್ರ ಬೇಡ್ಕೊಳ್ತಾನೆ, ಅಹಾಬ ಆಗಲ್ಲ ಅಂತಾನೆ. ಯೆರೆಮೀಯ 31ರಲ್ಲಿ ಮಕ್ಕಳಿಗಾಗಿ ಅಳೋ ರಾಹೇಲ ಇದಾಳಲ್ಲ, ಅವಳ ಹೆಸರೇ ಇದು. ಎಲ್ಲಾ ಮುಳುಗಿ ಇಷ್ಮಾಯೇಲ ಒಬ್ಬನೇ ಶವಪೆಟ್ಟಿಗೆ ಹಿಡ್ಕೊಂಡು ತೇಲ್ತಿದ್ದಾಗ ಎತ್ತಿಕೊಳ್ಳೋದು ಅದೇ ಹಡಗು. ತನ್ನ ಮಗ ಸಿಗ್ಲಿಲ್ಲ, ಇನ್ನೊಬ್ಬ ಅನಾಥ ಸಿಕ್ಕ. ಪಾದ್ರಿ ಬಿಟ್ಟಿದ್ದನ್ನ ಮೆಲ್ವಿಲ್ ಬಿಟ್ಟಿರ್ಲಿಲ್ಲ.

ಕನ್ನಡದಲ್ಲೂ ಹೀಗೆ ನಮಗೆ ಗೊತ್ತಿಲ್ದೇ ಬೈಬಲ್ ಬಾಯಲ್ಲಿರತ್ತೆ. ಬಿ.ಎಂ.ಶ್ರೀ ಅವರ ‘ಕರುಣಾಳು ಬಾ ಬೆಳಕೆ’ ಹಾಡದೇ ಇರೋ ಸ್ಕೂಲು ಕಮ್ಮಿ. ಮೂಲ ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಸಮುದ್ರ ಪ್ರಯಾಣದಲ್ಲಿ ಬರೆದಿದ್ದು, ಅವನ ಕವನ ಸಂಗ್ರಹದಲ್ಲಿ ಅದರ ತಲೆಬರಹ ‘ಮೇಘಸ್ತಂಭ’. ವಿಮೋಚನಕಾಂಡ 13ರಲ್ಲಿ ಐಗುಪ್ತ ಬಿಟ್ಟು ಹೊರಟ ಜನಕ್ಕೆ ಹಗಲು ಮೇಘಸ್ತಂಭ ರಾತ್ರಿ ಅಗ್ನಿಸ್ತಂಭವಾಗಿ ದಾರಿ ತೋರಿಸಿದ್ದು ಅದೇ. ತಲೆಬರಹ ಇಲ್ದೇ ಬಂದಿದ್ದರಿಂದಲೇ ಯಾವ ಧರ್ಮದೋರಿಗೂ ಹಾಡಕ್ಕೆ ಅಡ್ಡಿ ಆಗ್ಲಿಲ್ಲ ಅನ್ಸತ್ತೆ.

ನಮ್ಮ ಬೀದೀಲಿ ಒಬ್ರು ರಿಟೈರ್ಡ್ ಟೀಚರ್ ಇದಾರೆ, ಬಹಳ ವರ್ಷ ಸಂಡೇಸ್ಕೂಲ್ ನಡೆಸಿದೋರು, ನಾವೆಲ್ಲ ಆಂಟಿ ಅಂತೀವಿ. ನಾನು ಓದಿದ್ದನ್ನೆಲ್ಲ ಅವರ ಹತ್ರ ಹೋಗಿ ಹೇಳೋದು ಅಭ್ಯಾಸ. ಕೀರ್ತನೆ 137ರ ಕೊನೇ ವಚನ ಹೇಳಿ, ನೋಡಿ ಆಂಟಿ ಈ ಡಿಸ್ಕೋದೋರು ಹೆಂಗೆ ಜಾರಿಸಿದಾರೆ ಅಂದೆ. ಅವರು ನಕ್ಕು, ಡಿಸ್ಕೋದೋರನ್ನ ಯಾಕಪ್ಪಾ ಬೈತೀಯ, ಚರ್ಚಲ್ಲಿ ನಾವು ಹಾಡ್ತೀವಾ ಅದನ್ನ ಅಂದ್ರು. ಸರಿಯಾದ ಮಾತು, ರೋಮನ್ ಕ್ಯಾಥೊಲಿಕರ ದಿನನಿತ್ಯದ ಪ್ರಾರ್ಥನಾ ಪುಸ್ತಕವನ್ನ 1970ರ ದಶಕದಲ್ಲಿ ಪರಿಷ್ಕರಿಸಿದಾಗ್ಲೂ ಆ ಕೊನೇ ಮೂರು ವಚನಗಳನ್ನ ತೆಗೆದ್ರು. ಆಮೇಲೆ ಆಂಟಿ, ಬಿಟ್ಟಿದ್ದು ಬಿಟ್ಟಿದ್ದು ಅಂತ ಇಷ್ಟು ಹಾರಾಡ್ತೀಯಲ್ಲ, ಲೂಕ 4 ಓದಿದೀಯಾ, ಯೆಶಾಯ 61 ಪಕ್ಕದಲ್ಲಿ ಇಟ್ಕೊಂಡು ಓದು ಅಂದ್ರು.

ಓದ್ದೆ. ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಸುರುಳಿ ಬಿಚ್ಚಿ ಓದ್ತಾನೆ, ಬಡವರಿಗೆ ಶುಭವರ್ತಮಾನ, ಸೆರೆಯವರಿಗೆ ಬಿಡುಗಡೆ, ಕರ್ತನು ನೇಮಿಸಿದ ಶುಭವರ್ಷ, ಇಷ್ಟಕ್ಕೆ ನಿಲ್ಲಿಸಿ ಸುರುಳಿ ಸುತ್ತಿ ಕೊಟ್ಟು ಕೂತ್ಕೊಳ್ತಾನೆ. ಯೆಶಾಯದಲ್ಲಿ ವಾಕ್ಯ ಅಲ್ಲಿಗೆ ಮುಗಿಯಲ್ಲ, ‘ನಮ್ಮ ದೇವರು ಮುಯ್ಯಿ ತೀರಿಸೋ ದಿನ’ ಅಂತ ಮುಂದುವರಿಯತ್ತೆ. ಅರ್ಧ ವಾಕ್ಯದಲ್ಲಿ ನಿಲ್ಲಿಸಿದಾನೆ! ಅಷ್ಟಕ್ಕೇ ಬಿಡದೆ ಎಲೀಯ ಸಹಾಯ ಮಾಡಿದ್ದು ಸೀದೋನಿನ ವಿಧವೆಗೆ, ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾಗಿದ್ದು ಸಿರಿಯಾದ ನಾಮಾನನಿಗೆ, ಇಬ್ಬರೂ ಹೊರಗಿನೋರು ಅಂತ ಹೇಳ್ತಾನೆ, ಸ್ವಂತ ಊರಿನ ಜನ ಸಿಟ್ಟಿಗೆದ್ದು ಬೆಟ್ಟದ ಅಂಚಿಗೆ ಅಟ್ಟಿಕೊಂಡು ಹೋಗ್ತಾರೆ ತಳ್ಳಿಬಿಡಕ್ಕೆ. ಯೋನನ ಸಿಟ್ಟೇ ಇದು ಆಂಟಿ ಅಂದೆ. ಮತ್ತೆ ಇನ್ನೇನು ಅಂದ್ರು.

ಈಗ ನಾವಿಬ್ಬರೂ ಲೂಕನನ್ನೇ ಮೊದಲಿಂದ ಓದ್ತಿದೀವಿ, ಪಕ್ಕದಲ್ಲಿ ಗೋವಿಂದ ಪೈಗಳ ‘ಗೊಲ್ಗೊಥಾ’, ಯೇಸುವಿನ ಕೊನೇ ದಿನದ ಕಾವ್ಯ. ಪೈಗಳ ಕನ್ನಡ ಗಟ್ಟಿ, ಆಂಟಿಗೆ ಬೈಬಲ್ ಬಾಯಲ್ಲೇ ಇದೆ ಆದ್ರೆ ಪದ್ಯ ಬಿಡಿಸಕ್ಕೆ ನಾನು ಬೇಕು, ನನಗೆ ಪದ್ಯ ಹೆಂಗೋ ಬರತ್ತೆ ಆದ್ರೆ ಯಾವ ಸುವಾರ್ತೆಯಿಂದ ಏನು ಎತ್ತಿದಾರೆ ಅಂತ ಹೇಳಕ್ಕೆ ಅವರು ಬೇಕು. ಬಿಟ್ಟಿದ್ದರ ಪಟ್ಟಿ ಇನ್ನೂ ಶುರುವೇ ಆಗಿಲ್ಲ.