ಚಿಪ್ಪು ತೊಳೆದ ಮೇಲೆ ಇಳಿದ 6 ಡಿಗ್ರಿ

ಅರಬ್ಬಿ ಸಮುದ್ರದ ತಳಕ್ಕೆ ಪೈಪ್ ಇಳಿಸಿ ಎತ್ತಿದ ಕೆಸರು ಅದು. ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿ ಕವರಿಗೆ ಹಾಕಿಟ್ಟಿದ್ದರು. ಆ ಕೆಸರು ಕೂತ ಕಾಲದಲ್ಲಿ ಮೇಲಿನ ನೀರು ಎಷ್ಟು ಬೆಚ್ಚಗಿತ್ತು ಅಂತ ಹುಡುಕುವುದೇ ನನ್ನ ಪಿಎಚ್‌ಡಿ ಕೆಲಸ.

ಕೆಸರನ್ನು ನೆನೆಸಿ 63 ಮೈಕ್ರಾನ್ ಜರಡಿಯಲ್ಲಿ ತೊಳೆದರೆ ಸಣ್ಣ ರವೆಯಂಥದ್ದು ಉಳಿಯುತ್ತದೆ. ಮೈಕ್ರೋಸ್ಕೋಪಿನಡಿ ನೋಡಿದರೆ ಬಹುಪಾಲು ಫೊರಾಮಿನಿಫೆರಾ ಎಂಬ ಒಂದೇ ಕೋಶದ ಜೀವಿಗಳ ಸುಣ್ಣದ ಚಿಪ್ಪು. ನನಗೆ ಬೇಕಿದ್ದದ್ದು ಮೇಲ್ನೀರಿನಲ್ಲೇ ಬದುಕುವ ಗ್ಲೋಬಿಜೆರಿನಾಯ್ಡಿಸ್ ರೂಬರ್. ರೂಬರ್ ಅಂದರೆ ಕೆಂಪು. ಆದರೆ ಹಿಂದೂ ಮಹಾಸಾಗರದಲ್ಲಿ ಅದರ ಗುಲಾಬಿ ಬಗೆ ಸುಮಾರು 1,20,000 ವರ್ಷಗಳ ಹಿಂದೆಯೇ ಇಲ್ಲವಾಯಿತು. ನಮಗೆ ಸಿಗುವುದು ಬಿಳಿಯವು. ಬ್ರಷ್ ತುದಿ ಒದ್ದೆ ಮಾಡಿಕೊಂಡು ಒಂದೊಂದನ್ನೇ ಹೆಕ್ಕಬೇಕು, ಪ್ರತಿ ಪದರಕ್ಕೆ 40.

ನೀರು ಬೆಚ್ಚಗಾದಷ್ಟೂ ಚಿಪ್ಪಿಗೆ ಮೆಗ್ನೀಸಿಯಂ ಜಾಸ್ತಿ ಸೇರುತ್ತದೆ, ಡಿಗ್ರಿಗೆ ಸುಮಾರು ಶೇ 9. ಕ್ಯಾಲ್ಸಿಯಂ ಜೊತೆ ಅದರ ಅನುಪಾತ ಸಿಕ್ಕರೆ ಉಷ್ಣಾಂಶ ಸಿಕ್ಕಂತೆ.

ನನ್ನ ಮೊದಲ ಫಲಿತಾಂಶ 20,000 ವರ್ಷ ಹಳೆಯ ಪದರದ್ದು. ಹಿಮಯುಗದ ಕಾಲ. ಲೆಕ್ಕ ಹಾಕಿದರೆ 31 ಡಿಗ್ರಿ! ಇವತ್ತಿನ ನೀರೇ ಅಲ್ಲಿ ಸರಾಸರಿ 28ರ ಆಸುಪಾಸು. ಹಿಮಯುಗದಲ್ಲಿ ಅದಕ್ಕಿಂತ ಬಿಸಿ ಇರಲು ಸಾಧ್ಯವಿಲ್ಲ, ಅಲ್ವಾ? ಫಲಿತಾಂಶದ ಅದೇ ಹಾಳೆಯಲ್ಲಿ ಅಲ್ಯೂಮಿನಿಯಂ ಕೂಡ ಏರಿತ್ತು. ಅದು ಚಿಪ್ಪಿನದಲ್ಲ, ಜೇಡಿಮಣ್ಣಿನದು. ಆ ಮಣ್ಣಿನಲ್ಲಿ ಮೆಗ್ನೀಸಿಯಂ ಸಹ ಇರುತ್ತದೆ. ಚಿಪ್ಪಿನ ಕೋಣೆಗಳೊಳಗೆ ಆ ಮಣ್ಣು ಉಳಿದುಬಿಟ್ಟಿತ್ತು.

ಅಳೆಯಲೆಂದು ಆಸಿಡ್‌ನಲ್ಲಿ ಕರಗಿಸಿದ ಚಿಪ್ಪು ವಾಪಸ್ ಬರುವುದಿಲ್ಲ. ಮತ್ತೆ 40 ಹೆಕ್ಕಿದೆ. ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿದೆ. ಪುಡಿಯಾಗಬಾರದು, ಕೋಣೆ ಬಾಯಿ ಬಿಡಬೇಕು, ಅಷ್ಟೇ. ಆಮೇಲೆ ಶುದ್ಧ ನೀರು ಹಾಕಿ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಅಲುಗಿಸಿದರೆ ಟ್ಯೂಬಿನಲ್ಲಿ ಹಾಲಿನಂಥ ಮೋಡ ಏಳುತ್ತದೆ. ಚಿಪ್ಪಿನ ಚೂರು ಬೇಗ ಕೆಳಗಿಳಿಯುತ್ತದೆ, ಮಣ್ಣು ತೇಲುತ್ತಿರುತ್ತದೆ. "ಅಕ್ಕಿ ತೊಳೆಯಲ್ವಾ? ಹಾಗೇ. ಮಣ್ಣು ಕೂರೋಕೆ ಮುಂಚೆ ನೀರು ತೆಗಿ," ಅಂತ ಲ್ಯಾಬಿನ ಅಕ್ಕ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟರು. ನಾನು ಮೊದಲ ಸಲ ಆ ಮಣ್ಣು ಮತ್ತೆ ಕೂರುವವರೆಗೂ ಕಾದಿದ್ದೆ. ತಪ್ಪಾಗಿದ್ದೇ ಅಲ್ಲಿ. ಈ ಸಲ ಪಿಪೆಟ್‌ನಲ್ಲಿ ತಕ್ಷಣ ಎಳೆದೆ. ನೀರು ತಿಳಿಯಾಗುವ ತನಕ ತೊಳೆದೆ, ಆಮೇಲೆ ಮೆಥನಾಲ್, ಹೈಡ್ರೋಜನ್ ಪೆರಾಕ್ಸೈಡ್.

ಅಲ್ಯೂಮಿನಿಯಂ ಇಳಿಯಿತು. ಉಷ್ಣಾಂಶ 25 ಡಿಗ್ರಿಗೆ ಬಂತು. ಅದೇ ವಾರ ಉಳಿದ ಪದರಗಳ ಕವರುಗಳನ್ನೂ ಬಿಚ್ಚಿ ಹೊಸದಾಗಿ ಹೆಕ್ಕಲು ಕೂತೆ.