ಎಚ್‌ಟಿಟಿಪಿಯನ್ನು ಕರ್ನಲ್‌ನ ಹೊರಗೇ ಉಳಿಸಿಕೊಂಡದ್ದು: ನನ್ನ ಅನುಭವ

ದೊಡ್ಡ ಕಡತಗಳನ್ನು ಹಂಚುವ ಲಿನಕ್ಸ್ ಸರ್ವರ್‌ಗಳ ವೇಗ ಹೆಚ್ಚಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ವೆಬ್ ಸರ್ವರನ್ನೇ (ಬ್ರೌಸರ್‌ಗಳ ಎಚ್‌ಟಿಟಿಪಿ ಕೋರಿಕೆಗಳಿಗೆ ಉತ್ತರಿಸುವ ಪ್ರೋಗ್ರಾಮ್) ಕರ್ನಲ್ ಮಾಡ್ಯೂಲ್ ಆಗಿ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ ಭಾಗವಾಗಿ, ಬರೆಯೋಣವೆಂಬ ಸಲಹೆ ತಂಡದಲ್ಲಿ ಕೇಳಿಬಂತು. ಅದು ಹುರುಳಿಲ್ಲದ ಮಾತೇನಲ್ಲ. ಲಿನಕ್ಸ್ 2.4ರ ಕರ್ನಲ್‌ನೊಳಗೆ ಕೆಎಚ್‌ಟಿಟಿಪಿಡಿ ಎಂಬ ಸರ್ವರ್ ಇತ್ತು. ಇಂಗೊ ಮೊಲ್ನಾರ್ ರೆಡ್ ಹ್ಯಾಟ್‌ನಲ್ಲಿದ್ದಾಗ ಬರೆದ ಟಕ್ಸ್ ಎಂಬ ಇಂಥದೇ ಸರ್ವರ್ 2000ದಲ್ಲಿ ಸ್ಪೆಕ್‌ವೆಬ್99 ಎಂಬ ವೆಬ್ ಸರ್ವರ್ ವೇಗದ ಪರೀಕ್ಷೆಯಲ್ಲಿ ಎಲ್ಲರ ಗಮನ ಸೆಳೆದಿತ್ತು. ವಿಂಡೋಸ್ ಸರ್ವರ್ 2003ರಿಂದ ಈಚೆಗೆ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಆದ ಐಐಎಸ್‌ಗೆ ಬರುವ ಕೋರಿಕೆಗಳನ್ನು ಎಚ್‌ಟಿಟಿಪಿ ಡಾಟ್ ಸಿಸ್ ಎಂಬ ಕರ್ನಲ್ ಡ್ರೈವರ್ ಬರಮಾಡಿಕೊಳ್ಳುತ್ತದೆ.

ನಾನು ಮೊದಲು ಪರ್ಫ್ ಎಂಬ ಅಳತೆಯ ಸಾಧನ ಹಚ್ಚಿ, ಪ್ರೊಸೆಸರ್‌ನ ಸಮಯ ಎಲ್ಲಿ ಖರ್ಚಾಗುತ್ತಿದೆಯೆಂದು ನೋಡಿದೆ. ಕಡತದ ದತ್ತಾಂಶ ಕರ್ನಲ್‌ನ ಪೇಜ್ ಕ್ಯಾಶ್‌ನಿಂದ (ಓದಿದ ಕಡತಗಳನ್ನು ಕರ್ನಲ್ ಇಟ್ಟುಕೊಳ್ಳುವ ಮೆಮೊರಿ) ಪ್ರೋಗ್ರಾಮ್‌ನ ಮೆಮೊರಿಗೆ ಒಮ್ಮೆ, ಅಲ್ಲಿಂದ ಮತ್ತೆ ಕರ್ನಲ್‌ನ ಸಾಕೆಟ್‌ಗೆ (ಜಾಲ ಸಂಪರ್ಕದ ತುದಿ) ಇನ್ನೊಮ್ಮೆ ನಕಲಾಗುತ್ತಿತ್ತು, ಮತ್ತು ಈ ನಕಲಿನ ಕೆಲಸವೇ ಪಟ್ಟಿಯ ಮೇಲ್ತುದಿಯಲ್ಲಿತ್ತು. ಕೋರಿಕೆಯ ಹೆಡರ್‌ಗಳನ್ನು, ಅಂದರೆ ಅದರ ಮೊದಲಿಗೆ ಬರುವ ವಿವರಗಳ ಸಾಲುಗಳನ್ನು, ಬಿಡಿಸಿ ಓದುವ ಕೆಲಸ ಕಣ್ಣಿಗೆ ಬೀಳದಷ್ಟು ಕೆಳಗಿತ್ತು. ನನ್ನ ನಿರ್ಧಾರ ರೂಪುಗೊಂಡದ್ದು ಇಲ್ಲಿಯೇ: ಬೈಟ್‌ಗಳನ್ನು ಸಾಗಿಸುವ ಕೆಲಸವಷ್ಟೇ ಕರ್ನಲ್‌ಗೆ ಸೇರಬೇಕು, ಅಪರಿಚಿತರು ಕಳಿಸುವ ಪಠ್ಯವನ್ನು ಅರ್ಥೈಸುವ ಕೆಲಸ ಅಲ್ಲಿಗೆ ಹೋಗಬಾರದು.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ, ಕಡತವನ್ನು ಕರ್ನಲ್ಲೇ ನೇರವಾಗಿ ಸಾಕೆಟ್‌ಗೆ ದಾಟಿಸುವ ಸೆಂಡ್‌ಫೈಲ್ ಆಯ್ಕೆಯನ್ನು ತೆರೆದ ಮೇಲೆ ಪ್ರೋಗ್ರಾಮ್‌ನ ಮೆಮೊರಿಯ ಮೂಲಕ ಸುತ್ತಿ ಬರುವ ಆ ನಕಲು ತಪ್ಪಿತು. ಜೊತೆಗೆ ಟಿಸಿಪಿ-ನೋಪುಶ್ ಆಯ್ಕೆ ಹಾಕಿದ್ದರಿಂದ ಉತ್ತರದ ಹೆಡರ್ ಮತ್ತು ಕಡತದ ಮೊದಲ ಭಾಗ ಒಂದೇ ಪ್ಯಾಕೆಟ್‌ನಲ್ಲಿ ಹೋಗತೊಡಗಿದವು. ಸಾವಿರಾರು ಸಂಪರ್ಕಗಳನ್ನು ಕೆಲವೇ ಪ್ರಕ್ರಿಯೆಗಳು ನಿಭಾಯಿಸಲು, ಯಾವ ಸಂಪರ್ಕ ಸಿದ್ಧವಾಗಿದೆಯೆಂದು ತಿಳಿಸುವ ಲಿನಕ್ಸ್‌ನ ಇಪೋಲ್ ಮೊದಲೇ ಇತ್ತು.

ತೊಡಕು ಮರಳಿ ಬಂದದ್ದು ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿ) ಕಡ್ಡಾಯವಾದ ಮೇಲೆ. ಗೂಢಲಿಪೀಕರಣ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ, ಅಂದರೆ ಪ್ರೋಗ್ರಾಮ್‌ನ ಮೆಮೊರಿಯಲ್ಲಿ ನಡೆಯುವುದರಿಂದ ಸೆಂಡ್‌ಫೈಲ್ ನಿರುಪಯುಕ್ತವಾಯಿತು. ಇದಕ್ಕೆ ಉತ್ತರ ಲಿನಕ್ಸ್ 4.13ರಲ್ಲಿ ಬಂದ ಕರ್ನಲ್ ಟಿಎಲ್‌ಎಸ್, ಅಂದರೆ ಎಚ್‌ಟಿಟಿಪಿಎಸ್‌ನ ಗೂಢಲಿಪೀಕರಣವನ್ನು ಕರ್ನಲ್‌ನಲ್ಲೇ ಮಾಡುವ ಸೌಲಭ್ಯ. ಅದರ ಹಂಚಿಕೆ ನನಗೆ ಬಹಳ ಹಿಡಿಸಿತು: ಪ್ರಮಾಣಪತ್ರ, ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದ ಮಾತುಕತೆ) ಮೊದಲಾದ ಜಟಿಲ ಕೆಲಸವೆಲ್ಲ ಹೊರಗೇ ಮುಗಿದು, ಆ ಸಂಪರ್ಕದ ಕೀಲಿಗಳು ಮಾತ್ರ ಕರ್ನಲ್‌ಗೆ ಸೇರುತ್ತವೆ. ಇದಕ್ಕಾಗಿ ಈ ಬೆಂಬಲವನ್ನು ಸೇರಿಸಿ ಕಟ್ಟಿದ ಓಪನ್‌ಎಸ್‌ಎಸ್‌ಎಲ್ 3.0 ಮತ್ತು ಎಂಜಿನ್‌ಎಕ್ಸ್ 1.21.4 ಅಥವಾ ಅದಕ್ಕೂ ಹೊಸದು ಬೇಕು. ಆಯ್ಕೆ ತೆರೆದ ಮಾತ್ರಕ್ಕೆ ಅದು ಜಾರಿಗೆ ಬಂದಿದೆಯೆಂದು ನಂಬಬಾರದು. ಕರ್ನಲ್‌ನ ಸ್ಥಿತಿ ತೋರಿಸುವ ಪ್ರೊಕ್ ಕಡತಕೋಶದ ಕೆಳಗಿನ ಟಿಎಲ್‌ಎಸ್ ಅಂಕಿಅಂಶದ ಕಡತದಲ್ಲಿ ಎಣಿಕೆ ಏರುತ್ತಿರುವುದನ್ನು ಕಂಡ ಮೇಲೆಯೇ ನಾನು ಮುಂದಿನ ಸರ್ವರ್‌ಗೆ ಹೋಗುತ್ತಿದ್ದೆ.

ಪೂರ್ತಿ ಸರ್ವರನ್ನು ಒಳಗಿಡುವುದರ ಬೆಲೆ ಏನೆಂಬುದಕ್ಕೆ 2015ರ ಏಪ್ರಿಲ್‌ನಲ್ಲಿ ಪ್ರಕಟವಾದ ಎಚ್‌ಟಿಟಿಪಿ ಡಾಟ್ ಸಿಸ್ ದೋಷವನ್ನು ನಾನು ತಂಡದ ಮುಂದಿಟ್ಟೆ. ಕಡತದ ಯಾವ ಭಾಗ ಬೇಕೆಂದು ಹೇಳುವ ರೇಂಜ್ ಹೆಡರ್‌ನಲ್ಲಿ ಅತಿ ದೊಡ್ಡ ಸಂಖ್ಯೆಯೊಂದನ್ನು ಬರೆದು ಕಳಿಸಿದರೆ ಇಡೀ ಯಂತ್ರವೇ ಕುಸಿಯಬಹುದಾಗಿತ್ತು. ದೂರದಿಂದಲೇ ಕೋಡ್ ಓಡಿಸುವ ಅಪಾಯವೂ ಇತ್ತು. ತೇಪೆ ಹಾಕುವವರೆಗೆ ಕರ್ನಲ್ ಕ್ಯಾಶ್ (ಉತ್ತರಗಳನ್ನು ಕರ್ನಲ್‌ನಲ್ಲೇ ಇಟ್ಟುಕೊಳ್ಳುವ ಏರ್ಪಾಡು) ನಿಲ್ಲಿಸಿಡಿ ಎಂಬುದು ಆಗಿನ ತಾತ್ಕಾಲಿಕ ಪರಿಹಾರ, ಅಂದರೆ ಯಾವ ಲಾಭಕ್ಕಾಗಿ ಒಳಗೆ ಹೋದದ್ದೋ ಅದನ್ನೇ ಬಿಡಬೇಕಾಗಿತ್ತು. ಅದೇ ಎಂಜಿನ್‌ಎಕ್ಸ್‌ನ ವರ್ಕರ್ ಪ್ರಕ್ರಿಯೆ ಕುಸಿದರೆ ಅದರ ಸಂಪರ್ಕಗಳಷ್ಟೇ ಕಡಿದು, ವರ್ಕರ್‌ಗಳನ್ನು ನೋಡಿಕೊಳ್ಳುವ ಮಾಸ್ಟರ್ ಪ್ರಕ್ರಿಯೆ ಹೊಸದೊಂದನ್ನು ಎಬ್ಬಿಸುತ್ತದೆ.

ಈ ದಾರಿ ಹಿಡಿಯುವವರು ಒಂದನ್ನು ಗಮನಿಸಬೇಕು. ಕೋರಿಕೆ ಬಂದಾಗಲೇ ಜಿಜಿಪ್ ಮಾಡಿಸಿದರೆ, ಅಂದರೆ ಕಡತವನ್ನು ಕುಗ್ಗಿಸಿದರೆ, ದತ್ತಾಂಶ ಮತ್ತೆ ಪ್ರೋಗ್ರಾಮ್‌ನ ಮೆಮೊರಿಗೆ ಬರಲೇಬೇಕಾಗುತ್ತದೆ. ಆದ್ದರಿಂದ ಪಠ್ಯ ಕಡತಗಳನ್ನು ಮೊದಲೇ ಕುಗ್ಗಿಸಿಟ್ಟು, ಜಿಜಿಪ್-ಸ್ಟ್ಯಾಟಿಕ್ ಆಯ್ಕೆಯ ಮೂಲಕ ಹಾಗೆಯೇ ಕಳಿಸುವ ಏರ್ಪಾಡು ಮಾಡಿದ್ದೇನೆ.